ಕಣಕುಂಬಿ: ಮಳೆ ಎರಡು ಕಡೆ ಹಂಚಿಹೋಗುವ ಊರು

ಜೂನ್ ಎರಡನೇ ವಾರ. ನಮ್ಮೂರಲ್ಲಿ ಬಿತ್ತನೆಗೆ ಬೇಕಾದಷ್ಟು ಮಳೆ ಇನ್ನೂ ಆಗಿರುತ್ತಿರಲಿಲ್ಲ. ಆದರೂ ಒಂದು ದಿನ ಬೆಳಗ್ಗೆ ನೋಡಿದರೆ ಹೊಳೆಯಲ್ಲಿ ಕೆಂಪು ನೀರು. ಕಸ, ಕಡ್ಡಿ, ಒಣಗಿದ ಎಲೆ, ನೊರೆ ಎಲ್ಲ ಹೊತ್ತುಕೊಂಡು ಬರುತ್ತಿತ್ತು. ನಮ್ಮ ಆಯಿ ದಂಡೆ ಮೇಲೆ ನಿಂತು ಪಶ್ಚಿಮದ ಕಡೆ ಕೈ ತೋರಿಸಿ "ಮ್ಯಾಲ ಮಳಿ ಹಿಡದೈತಿ ನೋಡು" ಅನ್ನುತ್ತಿದ್ದಳು. ಎಂ.ಕೆ.ಹುಬ್ಬಳ್ಳಿ ಹತ್ತಿರದ ಊರು ನಮ್ಮದು. ಹೊಳೆ ಅಂದರೆ ಮಲಪ್ರಭೆ. ಗಂಗಾಂಬಿಕೆಯ ಐಕ್ಯಮಂಟಪದ ಸುತ್ತ ನೀರು ಎಷ್ಟು ಏರಿದೆ ಅಂತ ನೋಡಿಯೇ ನಮ್ಮಲ್ಲಿ ಹಿರಿಯರು ಹೊಳೆಯ ಅಂದಾಜು ಹೇಳುತ್ತಿದ್ದರು.

ಆಯಿ ಹೇಳುತ್ತಿದ್ದ ಆ "ಮ್ಯಾಲ" ಎಲ್ಲಿದೆ ಅಂತ ನಾನು ಕಣ್ಣಾರೆ ನೋಡಿದ್ದು ಬಹಳ ವರ್ಷಗಳ ಮೇಲೆ. ಖಾನಾಪುರ ತಾಲೂಕಿನ ಪಶ್ಚಿಮದ ತುದಿಯಲ್ಲಿ, ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟಿನ ಕಡೆ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಊರು. ಕಣಕುಂಬಿ. ಗೋವಾಕ್ಕೆ ಹೋಗುವ ಕಾರುಗಳು ಅಲ್ಲಿ ಚಹಾ ಕುಡಿಯೋಕೆ ನಿಲ್ಲುತ್ತವೆ, ಮತ್ತೆ ಹೊರಡುತ್ತವೆ. ಆದರೆ ಈ ಊರು ಮತ್ತು ಇದರ ಸುತ್ತಲಿನ ಪಾರವಾಡ, ಚಿಕಲೆ, ಆಮಗಾಂವ, ಚಿಗುಳೆಯಂಥ ಪುಟ್ಟ ಊರುಗಳು ಅರ್ಥವಾದರೆ ಉತ್ತರ ಕರ್ನಾಟಕದ ಅರ್ಧ ನೀರಿನ ಜಗಳ ಅರ್ಥವಾಗುತ್ತದೆ ಅಂತ ನನಗನ್ನಿಸುತ್ತದೆ. ಪೇಪರಿನಲ್ಲಿ ಕಳಸಾ, ಬಂಡೂರಿ, ಮಹದಾಯಿ, ಟಿಎಂಸಿ ಅಂತ ಓದಿ ಓದಿ ತಲೆ ಕೆಟ್ಟವರಿಗೆ ಇದನ್ನ ಬಿಡಿಸಿ ಹೇಳೋಣ ಅಂತ ಕೂತಿದ್ದೇನೆ.

ಮೊದಲು ಜಾಗದ ಆಕಾರ ತಲೆಯಲ್ಲಿ ಇಟ್ಟುಕೊಳ್ಳಿ. ಹಂಚಿನ ಮನೆಯ ಮಾಡು ನೋಡಿದ್ದೀರಲ್ವಾ? ನೆತ್ತಿಯ ಮೇಲೆ ಬಿದ್ದ ಹನಿ ಒಂದು ಗೇಣು ಈ ಕಡೆ ಬಿದ್ದರೆ ಅಂಗಳಕ್ಕೆ, ಒಂದು ಗೇಣು ಆ ಕಡೆ ಬಿದ್ದರೆ ಹಿತ್ತಲಿಗೆ. ಕಣಕುಂಬಿ ಇರುವುದು ಇಂಥ ಒಂದು ನೆತ್ತಿಯ ಮೇಲೆ. ಇಲ್ಲಿ ಪೂರ್ವಕ್ಕೆ ಇಳಿದ ನೀರು ಮಲಪ್ರಭೆ. ಪಶ್ಚಿಮಕ್ಕೆ ಇಳಿದ ನೀರು ಕಳಸಾದಂಥ ಹಳ್ಳಗಳಾಗಿ ಗೋವಾದ ಮಹದಾಯಿಯನ್ನ ಸೇರಿ, ಪಣಜಿಯ ಪಕ್ಕ ಮಾಂಡೋವಿ ಅನ್ನುವ ಹೆಸರಿನಲ್ಲಿ ಸಮುದ್ರ ಸೇರುತ್ತದೆ.

ಆದರೆ ಈ ಮಾಡಿನ ಎರಡು ಇಳಿಜಾರು ಒಂದೇ ಥರ ಇಲ್ಲ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ಜಾಗ ಸಮುದ್ರ ಮಟ್ಟಕ್ಕಿಂತ ಸುಮಾರು 792 ಮೀಟರ್ ಎತ್ತರ. ಅದು ಕೃಷ್ಣೆಯನ್ನ ಸೇರುವ ಕೂಡಲಸಂಗಮ ಸುಮಾರು 488 ಮೀಟರ್ ಎತ್ತರದಲ್ಲಿದೆ. ನಡುವೆ ನದಿಯ ಉದ್ದ 300 ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಅಂದರೆ ಒಂದು ಕಿಲೋಮೀಟರ್ ನಡೆದರೆ ಹೊಳೆ ಇಳಿಯುವುದು ಸರಾಸರಿ ಒಂದೇ ಮೀಟರ್. ನಿಧಾನ, ಅಗಲ, ಹೊಲ ಗದ್ದೆ ನೋಡಿಕೊಂಡು ಹೋಗುವ ಹೊಳೆ. ಆ ಕಡೆ ನೋಡಿದರೆ, ಅದೇ 800 ಮೀಟರ್ ಎತ್ತರವನ್ನ ನೀರು ಕೆಲವೇ ಕಿಲೋಮೀಟರಿನಲ್ಲಿ ಇಳಿದುಬಿಡುತ್ತದೆ. ಅದಕ್ಕೇ ಆ ಮಗ್ಗುಲಲ್ಲಿ ಅಷ್ಟೊಂದು ಜಲಪಾತಗಳು. ಸುರಲಾ, ಚಿಕಲೆ, ಜಾಂಬೋಟಿ ಕಡೆಯ ವಜ್ರಪೋಹಾ ಅಂತ ಹುಡುಗರು ಮಳೆಗಾಲದಲ್ಲಿ ಬೈಕ್ ತಗೊಂಡು ಹೋಗುತ್ತಾರಲ್ಲ, ಅವೆಲ್ಲ ಈ ಕಡಿದಾದ ಇಳಿಜಾರಿನ ಆಸುಪಾಸಿನವು.

ನನಗೆ ತುಂಬಾ ಸೋಜಿಗ ಅನ್ನಿಸುವ ಸಂಗತಿ ಬೇರೆ ಒಂದಿದೆ. ಕಣಕುಂಬಿಯಿಂದ ಅರಬ್ಬಿ ಸಮುದ್ರಕ್ಕೆ ನೇರ ಗೆರೆ ಎಳೆದರೆ 50-60 ಕಿಲೋಮೀಟರ್ ಆಸುಪಾಸು. ಆದರೆ ನೆತ್ತಿಯ ಪೂರ್ವಕ್ಕೆ ಬಿದ್ದ ಹನಿ ಆ ಸಮುದ್ರಕ್ಕೆ ಬೆನ್ನು ಮಾಡಿ ಖಾನಾಪುರ, ಎಂ.ಕೆ.ಹುಬ್ಬಳ್ಳಿ, ಮುನವಳ್ಳಿ, ರಾಮದುರ್ಗ, ಪಟ್ಟದಕಲ್ಲು, ಐಹೊಳೆ ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯಾಗಿ, ಆಮೇಲೆ ತೆಲಂಗಾಣ, ಆಂಧ್ರ ಎಲ್ಲ ಸುತ್ತಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರಿ. ಬಾದಾಮಿ ಚಾಲುಕ್ಯರು ತಮ್ಮ ಗುಡಿಗಳನ್ನ ಕಟ್ಟಿದ ದಂಡೆಯ ನೀರು ಈ ಊರಿನದು.

ಇನ್ನು ಮಳೆ. ಇಲ್ಲಿ ಯಾಕೆ ಇಷ್ಟು ಸುರಿಯುತ್ತದೆ? ಸಮುದ್ರದಿಂದ ಬರುವ ಗಾಳಿ ಹಸಿ ಗಾಳಿ. ಗೋವಾದ ಬಯಲಲ್ಲಿ ಅದಕ್ಕೆ ಅಡ್ಡ ಏನೂ ಇಲ್ಲ. ಘಟ್ಟ ಎದುರಾದ ಕೂಡಲೇ ಅದು ಮೇಲೆ ಹತ್ತಲೇಬೇಕು. ಹತ್ತುತ್ತಾ ತಣ್ಣಗಾಗುತ್ತದೆ, ತಣ್ಣಗಾದ ಗಾಳಿಗೆ ಅಷ್ಟೊಂದು ನೀರು ಹಿಡಿದಿಟ್ಟುಕೊಳ್ಳೋಕೆ ಆಗುವುದಿಲ್ಲ, ಅಲ್ಲೇ ಸುರಿದುಬಿಡುತ್ತದೆ. ನೆತ್ತಿ ದಾಟಿ ಪೂರ್ವಕ್ಕೆ ಇಳಿಯುವಾಗ ಗಾಳಿ ಮತ್ತೆ ಬಿಸಿಯಾಗುತ್ತದೆ, ಉಳಿದ ಮೋಡವೂ ತೆಳ್ಳಗಾಗುತ್ತದೆ. ಹಾಗಾಗಿ ಕಣಕುಂಬಿಯಿಂದ ಜಾಂಬೋಟಿ, ಖಾನಾಪುರ, ಕಿತ್ತೂರು, ಸವದತ್ತಿ ಅಂತ ಬಂದ ಹಾಗೆ ಮಳೆ ಇಳಿಯುತ್ತಾ ಹೋಗುತ್ತದೆ. ಬಾಗಲಕೋಟೆ ಕಡೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಬಿದ್ದರೆ ಜನ ಸಮಾಧಾನ ಪಡುತ್ತಾರೆ. ಕಣಕುಂಬಿ ನೆರೆಯ ಆಮಗಾಂವದಲ್ಲಿ 2010ರಲ್ಲಿ 10,000 ಮಿಲಿಮೀಟರ್ ದಾಟಿದ ಮಳೆ ದಾಖಲಾಗಿದೆ. ಹತ್ತು ಮೀಟರ್! ಬಿದ್ದ ನೀರು ಹರಿಯದೆ ಅಲ್ಲೇ ನಿಂತಿದ್ದರೆ ಮೂರು ಅಂತಸ್ತಿನ ಮನೆ ಮುಳುಗುವಷ್ಟು. ಒಂದೇ ನದಿ, ಹೆಚ್ಚು ಕಡಿಮೆ ಒಂದೇ ಸೀಮೆ, ಆದರೆ ಮೇಲೆ ಮತ್ತು ಕೆಳಗೆ ಇಷ್ಟು ಅಂತರ.

ಇಂಥ ಊರಲ್ಲಿ ಮಳೆಗಾಲಕ್ಕೆ ತಯಾರಾಗುವುದೇ ಒಂದು ದೊಡ್ಡ ಕೆಲಸ. ಒಂದು ಮೇ ತಿಂಗಳಲ್ಲಿ ನಾನು ಉಳಿದುಕೊಂಡಿದ್ದ ಮನೆಯ ಕಾಕಾ ದಿನವಿಡೀ ಒಂದಿಲ್ಲೊಂದು ಜೋಡಿಸುತ್ತಲೇ ಇದ್ದರು. ಪಡಸಾಲೆಯ ಒಂದು ಗೋಡೆಗೆ ಒರಗಿಸಿ ಸೀಳಿದ ಕಟ್ಟಿಗೆಯ ರಾಶಿ, ಎದೆ ಮಟ್ಟಕ್ಕೆ. ಪಕ್ಕದಲ್ಲಿ ಕುಳ್ಳು. ಅಟ್ಟದ ಮೇಲೆ ದನಕ್ಕೆ ಹುಲ್ಲು. ಒಳಗೆ ಅಕ್ಕಿ, ನಾಚಣಿ, ಒಣ ಮೆಣಸಿನಕಾಯಿ, ಉಳ್ಳಾಗಡ್ಡಿ, ಹಲಸಿನ ಬೀಜ. ಗಾಳಿ ಹೊಡೆಯುವ ಪಶ್ಚಿಮದ ಗೋಡೆಗೆ ಹುಲ್ಲಿನ ತಟ್ಟಿ ಕಟ್ಟುತ್ತಿದ್ದರು. ಕಟ್ಟದಿದ್ದರೆ ಮಣ್ಣಿನ ಗೋಡೆ ಆಗಸ್ಟ್ ನೋಡುವುದಿಲ್ಲ ಅಂದರು. ಅಂಗಳದ ಒಂದು ಮೂಲೆಯಲ್ಲಿ ಅವರ ಸೊಸೆ ಕವಳಿ ಹಣ್ಣನ್ನ ಎಲೆಯ ದೊನ್ನೆಯಲ್ಲಿ ತುಂಬುತ್ತಾ ಕೂತಿದ್ದರು, ಬೆಳಗಿನ ಬಸ್ಸಿಗೆ ಬೆಳಗಾವಿ ಪೇಟೆಗೆ ಹೋಗೋಕೆ. ಕಪ್ಪಗೆ ಹಣ್ಣಾದ ಕವಳಿ ಕಿತ್ತ ಬೆರಳಿಗೆ ಹಾಲಿನಂಥ ಅಂಟು ಹತ್ತಿ ಎರಡು ದಿನ ಹೋಗುವುದಿಲ್ಲ. ಅಂಥ ಬೆರಳುಗಳಿಂದ ಒಂದೊಂದೇ ಹಣ್ಣು ಆರಿಸುತ್ತಿದ್ದರು.

ಆ ಮನೆಯಲ್ಲೇ ನನಗೆ ಒಂದು ಪ್ರಶ್ನೆ ಎದ್ದಿದ್ದು. ಬಾವಿಯಲ್ಲಿ ನೀರು ತಳ ಕಂಡಿತ್ತು. ಊರ ಕೆಳಗಿನ ಒರತೆಯಿಂದ ಹೆಂಗಸರು ಕೊಡ ಹೊತ್ತು ತರುತ್ತಿದ್ದರು. ಇಷ್ಟು ಮಳೆ ಬೀಳುವ ಸೀಮೆಯಲ್ಲಿ ಏಪ್ರಿಲ್, ಮೇ ಬಂದರೆ ನೀರಿಗೆ ತಾಪತ್ರಯ ಯಾಕೆ?

ಉತ್ತರ ನೆಲದಲ್ಲಿದೆ. ಈ ಗುಡ್ಡಗಳ ತಲೆ ಚಪ್ಪಟೆ. ಮೇಲೆ ಜಂಬಿಟ್ಟಿಗೆ ಕಲ್ಲಿನ ದಪ್ಪ ಹೊದಿಕೆ. ಈ ಕೆಂಪು ಕಲ್ಲನ್ನ ಕೈಯಲ್ಲಿ ಹಿಡಿದು ನೋಡಿದರೆ ಮೈತುಂಬಾ ತೂತು, ಹಳೆಯ ಜೇನುಹುಟ್ಟಿನ ಥರ. ಬಿದ್ದ ಮಳೆ ಇದರೊಳಗೆ ಸರಾಗವಾಗಿ ಇಳಿಯುತ್ತದೆ. ಆದರೆ ಕೆಳಗೆ ಜೇಡಿಯ ಪದರ ಸಿಕ್ಕಾಗ ನಿಲ್ಲುತ್ತದೆ, ಅಡ್ಡಡ್ಡ ಹರಿದು ಗುಡ್ಡದ ಪಕ್ಕೆಯಲ್ಲಿ ಎಲ್ಲಿ ದಾರಿ ಸಿಕ್ಕಿತೋ ಅಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಮೇಲಿನ ತೂತಿನ ಕಲ್ಲು ನೀರನ್ನ ಹಿಡಿದಿಟ್ಟುಕೊಳ್ಳುವ ತೊಟ್ಟಿ ಆಗುವುದಿಲ್ಲ, ಸೋರುವ ಜರಡಿ ಆಗುತ್ತದೆ. ಮಳೆ ನಿಂತ ಮೇಲೆ ಕೆಲವು ತಿಂಗಳು ಒರತೆ ಜೋರಾಗಿ ಹರಿಯುತ್ತದೆ, ಫೆಬ್ರವರಿ ಹೊತ್ತಿಗೆ ಸಣ್ಣಗಾಗುತ್ತದೆ, ಆಮೇಲೆ ಕೆಲವು ಬತ್ತೇಹೋಗುತ್ತವೆ. ಇದನ್ನ ನಿಧಾನ ಮಾಡುವುದು ಒಂದೇ, ಕಾಡು. ಎಲೆ ಕೊಳೆತ ಮಣ್ಣು ಸ್ಪಂಜಿನ ಹಾಗೆ ನೀರು ಹೀರಿ ತಡೆದು ತಡೆದು ಬಿಡುತ್ತದೆ. ಕಾಡು ಗಟ್ಟಿ ಇರುವ ಇಳಿಜಾರಿನ ಕೆಳಗೆ ಒರತೆ ಬೇಸಿಗೆಯಲ್ಲೂ ಜೀವ ಹಿಡಿದಿರುತ್ತದೆ. ಮರ ಹೋದ ಕಡೆ ಮಳೆಗಾಲದಲ್ಲಿ ಕೆಂಪು ಪ್ರವಾಹ, ಬೇಸಿಗೆಯಲ್ಲಿ ಬರೀ ಕಲ್ಲು.

ಕಾಕಾ ಇದನ್ನ ತಮ್ಮ ರೀತಿಯಲ್ಲಿ ಹೇಳಿದರು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ. "ಈ ಕಡಿ ಹರದಿದ್ದು ನಿಮ್ಮದು, ಆ ಕಡಿ ಹರದಿದ್ದು ಗೋವಾದವರದು. ಇಲ್ಲಿ ನಿಂತಿದ್ದಷ್ಟ ನಮ್ಮದು, ತಮ್ಮಾ."

ಊರುಗಳ ಸ್ವರೂಪವೂ ಇದಕ್ಕೇ ಹೊಂದಿಕೊಂಡಿದೆ. ನಮ್ಮ ಬಯಲುಸೀಮೆಯಲ್ಲಿ ಊರು ಅಂದರೆ ಅಗಸಿ, ಓಣಿ, ಗುಡಿ, ಒಂದಕ್ಕೊಂದು ಅಂಟಿದ ಮನೆ. ಇಲ್ಲಿ ಹಾಗಲ್ಲ. ಎಲ್ಲಿ ಒರತೆ ಇದೆಯೋ, ಎಲ್ಲಿ ಭತ್ತ ಬೆಳೆಯುವಷ್ಟು ಸಮ ನೆಲ ಇದೆಯೋ ಅಲ್ಲಿ ಹತ್ತಿಪ್ಪತ್ತು ಮನೆ. ಮುಂದಿನ ಒರತೆಗೆ ಮತ್ತೊಂದು ಹಿಡಿ ಮನೆ. ವಾಡಿ, ವಾಡಾ ಅಂತ ಕೊನೆಯಾಗುವ ಹೆಸರುಗಳು ಇಲ್ಲಿ ಸಾಮಾನ್ಯ. ಎಮ್ಮೆ ಸಾಕುವ ಗೌಳಿಗರದು ಕಾಡಿನ ಅಂಚಿನಲ್ಲಿ ಬೇರೆಯೇ ವಾಡಾ. ಸರ್ಕಾರದ ಲೆಕ್ಕ ಇದರ ಮೇಲೆ ಕೂತಿದೆ. ಸರ್ವೆ ನಂಬರು, ಗಡಿಕಲ್ಲು ಇರುವ ದೊಡ್ಡ ಘಟಕ ಕಂದಾಯ ಗ್ರಾಮ, ಅದರೊಳಗಿನ ಬಿಡಿ ಬಿಡಿ ವಾಡಿಗಳು ಮಜರೆ, ಇಂಥ ಕೆಲವು ಗ್ರಾಮಗಳು ಸೇರಿ ಒಂದು ಗ್ರಾಮ ಪಂಚಾಯಿತಿ. ಕಾಗದದಲ್ಲಿ ಒಂದು ಊರು ಅಂತ ಇರುವುದು ನಿಜದಲ್ಲಿ ಗುಡ್ಡದ ಬೇರೆ ಬೇರೆ ಪಕ್ಕೆಯಲ್ಲಿ ಕೂತ ನಾಲ್ಕು ಊರಾಗಿರಬಹುದು. "ಊರಿಗೆ ಶಾಲೆ ಇದೆ" ಅನ್ನುವ ಮಾತಿನ ಅರ್ಥ ಒಂದು ಮಗುವಿಗೆ ಐದು ನಿಮಿಷ, ಇನ್ನೊಂದು ಮಗುವಿಗೆ ಹಳ್ಳ ದಾಟಿ ಒಂದು ತಾಸು. ಸಂತೆ, ಬ್ಯಾಂಕು, ಔಷಧಿ ಅಂದರೆ ಜಾಂಬೋಟಿಗೋ ಖಾನಾಪುರಕ್ಕೋ ಇಳಿಯಬೇಕು.

ಭಾಷೆ ಮತ್ತು ಗಡಿಯ ಕತೆಯನ್ನ ಚಿಕ್ಕದಾಗಿ ಹೇಳುತ್ತೇನೆ. ಇವು ಮುಂಬೈ ಪ್ರಾಂತ್ಯದ ಬೆಳಗಾವಿ ಜಿಲ್ಲೆಯ ಊರುಗಳು. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆದಾಗ ಜಿಲ್ಲೆಯ ಚಂದಗಡ ತಾಲೂಕು ಮುಂಬೈ ಕಡೆ, ಅಂದರೆ ಈಗಿನ ಮಹಾರಾಷ್ಟ್ರದಲ್ಲಿ ಉಳಿಯಿತು, ಖಾನಾಪುರ ಈ ಕಡೆ ಬಂತು. ಆಗ ಗೋವಾ ಇನ್ನೂ ಪೋರ್ಚುಗೀಸರದು. 1961ರ ಡಿಸೆಂಬರ್‌ವರೆಗೂ ಚೋರ್ಲಾ ಘಾಟಿನ ಕೆಳಗೆ ಬೇರೆ ದೇಶವೇ ಇತ್ತು. ಕಾಗದದ ಗಡಿ ಹೀಗೆ ಬದಲಾಗುತ್ತಿದ್ದರೂ ಜನ ಹೆಣ್ಣು ಕೊಟ್ಟು ತಂದಿದ್ದು ಗುಡ್ಡದ ಎರಡೂ ಕಡೆ. ಹಾಗಾಗಿ ಇಲ್ಲಿನ ಮನೆಮಾತಿನಲ್ಲಿ ಮರಾಠಿ, ಕೊಂಕಣಿ, ಕನ್ನಡ ಮೂರೂ ಕಲೆತಿವೆ. ಕಾಕಾ ನನ್ನ ಜೊತೆ ಕನ್ನಡ, ಮಗನ ಜೊತೆ ಮರಾಠಿ, ಗೋವಾದಿಂದ ಬಂದ ಅಳಿಯನ ಜೊತೆ ಕೊಂಕಣಿ ಮಾತಾಡಿದ್ದು ಒಂದೇ ಊಟದಲ್ಲಿ.

ಕಾಡಿನ ವಿಷಯ ಇಷ್ಟು ಸರಳ ಅಲ್ಲ. ಕಣಕುಂಬಿಯ ದಕ್ಷಿಣಕ್ಕೆ ಭೀಮಗಡ. 2011ರ ಡಿಸೆಂಬರಿನಲ್ಲಿ ಇದನ್ನ ವನ್ಯಜೀವಿಧಾಮ ಅಂತ ಘೋಷಿಸಿದರು, ವಿಸ್ತಾರ ಸುಮಾರು 190 ಚದರ ಕಿಲೋಮೀಟರ್. ಮಹದಾಯಿ ಹುಟ್ಟುವ ದೇಗಾಂವ ಕಡೆಯ ಕಾಡು ಇದೇ. ಬಾರಾಪೇಡೆ ಗುಹೆಗಳಲ್ಲಿ ರಾಟನ್‌ನ ಬಾವಲಿ ಅಂತ ಒಂದು ಅಪರೂಪದ ಜಾತಿ ಇದೆ, ಜಗತ್ತಿನಲ್ಲಿ ಬೆರಳೆಣಿಕೆಯ ಜಾಗಗಳಲ್ಲಿ ಮಾತ್ರ ಸಿಗುವಂಥದ್ದು. ಕಾಡು ಉಳಿಯಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ತಳೇವಾಡಿ, ಗವಳಿ, ಪಾಸ್ತೋಳಿ, ಕೊಂಗಳಾ, ಕೃಷ್ಣಾಪುರದಂಥ ಊರುಗಳು ಇದೇ ಕಾಡಿನ ನಡುವೆ ಇವೆ. ಅಲ್ಲಿ ಡಾಂಬರು ರಸ್ತೆ, ಸೇತುವೆ, ಕರೆಂಟಿನ ಕಂಬ ಯಾವುದಕ್ಕೂ ಪಂಚಾಯಿತಿ ಠರಾವು ಸಾಲುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅಡಿ ಒಪ್ಪಿಗೆ ಬೇಕು. ಇನ್ನೊಂದು ಕಡೆ 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನಲ್ಲಿ ತಲೆಮಾರುಗಳಿಂದ ಇದ್ದವರ ಹಕ್ಕನ್ನ ಒಪ್ಪಿಕೊಳ್ಳುತ್ತದೆ. ಎರಡೂ ಕಾನೂನು ಸರಿಯೇ. ಎರಡರ ನಡುವೆ ಸಿಕ್ಕಿಕೊಂಡವರು ಮಾತ್ರ ಮಳೆಗಾಲದಲ್ಲಿ ಹಳ್ಳದ ಮೇಲಿನ ಕಟ್ಟಿಗೆಯ ಕಾಲುಸಂಕ ಕೊಚ್ಚಿಹೋದರೆ ಮನೆಯಲ್ಲೇ ಕೂರಬೇಕು.

2024ರ ಜುಲೈನಲ್ಲಿ ಆಮಗಾಂವದಿಂದ ಕಾಯಿಲೆ ಬಿದ್ದ ಒಬ್ಬ ಹೆಣ್ಣುಮಗಳನ್ನ ಊರಿನವರು ಕಟ್ಟಿಗೆಯ ಡೋಲಿ ಕಟ್ಟಿ, ಮಳೆಯಲ್ಲಿ ಕಿಲೋಮೀಟರುಗಟ್ಟಲೆ ಹೊತ್ತು ಆಂಬುಲೆನ್ಸ್ ನಿಲ್ಲುವ ಜಾಗಕ್ಕೆ ತಂದರು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕೆಲವು ಊರಿನವರು ಪರಿಹಾರ ಕೊಟ್ಟರೆ ಹೊರಗೆ ಬರುತ್ತೇವೆ ಅನ್ನುತ್ತಾರೆ, ತಳೇವಾಡಿಯ ಕುಟುಂಬಗಳು ಹಾಗೆ ಒಪ್ಪಿಕೊಂಡವು. ಇನ್ನು ಕೆಲವರು ದೇವರು, ಗದ್ದೆ ಬಿಟ್ಟು ಎಲ್ಲಿಗೆ ಹೋಗೋಣ ಅನ್ನುತ್ತಾರೆ. ಹೋಗುವವರಿಗೆ ಹಣದ ಜೊತೆ ನೆಲವೂ ಸಿಗಬೇಕು, ಇರುತ್ತೇವೆ ಅನ್ನುವವರಿಗೆ ಕನಿಷ್ಠ ಒಂದು ಗಟ್ಟಿ ಕಾಲುಸಂಕ ಸಿಗಬೇಕು. ಇದು ನನ್ನ ಅಭಿಪ್ರಾಯ.

ಈಗ ಕಳಸಾ. ಮೇಲೆ ಹೇಳಿದ ಮಾಡಿನ ನೆತ್ತಿ ಇಲ್ಲಿ ಎಷ್ಟು ಸಣ್ಣದು ಅಂದರೆ, ಗೋವಾ ಕಡೆ ಹೋಗುವ ಕಳಸಾ ಹಳ್ಳ ಹುಟ್ಟುವುದೂ ಕಣಕುಂಬಿ ಹತ್ತಿರವೇ, ನಮ್ಮ ಕಡೆ ಬರುವ ಮಲಪ್ರಭೆ ಹುಟ್ಟುವುದೂ ಅಲ್ಲೇ. ಕೆಲವೇ ಕಿಲೋಮೀಟರ್ ಕಾಲುವೆ ಅಗೆದರೆ ಆ ನೀರನ್ನ ಈ ಕಡೆ ತಿರುಗಿಸಬಹುದು. ಬಂಡೂರಿ ಹಳ್ಳದ್ದೂ ಇದೇ ಯೋಚನೆ.

ಯಾಕೆ ಬೇಕು ಅಂದರೆ, ಕೆಳಗೆ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರ ಇದೆ. ಅದರ ಸಾಮರ್ಥ್ಯ 37 ಟಿಎಂಸಿಗೂ ಸ್ವಲ್ಪ ಜಾಸ್ತಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಲೀಟರಿನ ಲೆಕ್ಕದಲ್ಲಿ ಸುಮಾರು 2,830 ಕೋಟಿ ಲೀಟರ್. ಹುಬ್ಬಳ್ಳಿ ಧಾರವಾಡದ ಕುಡಿಯುವ ನೀರು, ನರಗುಂದ ನವಲಗುಂದದ ಹೊಲ, ಎಲ್ಲ ಇದನ್ನೇ ನಂಬಿವೆ. ಅದು ಪೂರ್ತಿ ತುಂಬುವ ವರ್ಷಗಳು ಕಡಿಮೆ. ಮೇಲೆ ಮಳೆ ಕೈಕೊಟ್ಟರೆ ಕಾಲುವೆಗಳು ಒಣಗುತ್ತವೆ. ಮೇಲೆ ಒಮ್ಮೆಲೇ ಸುರಿದರೆ 2019ರ ಆಗಸ್ಟಿನ ಹಾಗೆ ಪಟ್ಟದಕಲ್ಲಿನ ಗುಡಿಗಳೊಳಗೇ ನೀರು ನುಗ್ಗುತ್ತದೆ. ಕಾಲುವೆ ಒಣಗಿದ ವರ್ಷಗಳ ಸಂಕಟದಿಂದಲೇ 2015ರಲ್ಲಿ ನರಗುಂದದ ರೈತರು ಧರಣಿ ಕೂತಿದ್ದು.

ಕರ್ನಾಟಕ ಕೇಳಿದ್ದು ಕಳಸಾ, ಬಂಡೂರಿ ಎರಡರಿಂದ 7.56 ಟಿಎಂಸಿ. ಗೋವಾ ಒಪ್ಪಲಿಲ್ಲ. ಮಹದಾಯಿಯ ನೀರು ಕಡಿಮೆಯಾದರೆ ತಮ್ಮ ಕಾಡು, ನದಿ ಎರಡಕ್ಕೂ ಪೆಟ್ಟು ಅನ್ನುವುದು ಅವರ ವಾದ. 2010ರಲ್ಲಿ ನ್ಯಾಯಮಂಡಳಿ ಆಯಿತು, 2018ರ ಆಗಸ್ಟಿನಲ್ಲಿ ತೀರ್ಪು ಬಂತು. ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ. ಈ ಅಂಕಿ ಕೇಳಿ ಬಹಳ ಜನ ಕೇಳಿದ್ದಕ್ಕಿಂತ ಜಾಸ್ತಿಯೇ ಸಿಕ್ಕಿತಲ್ಲ ಅಂದುಕೊಂಡರು. ಬಿಡಿಸಿ ನೋಡಿದರೆ ಅದರಲ್ಲಿ 8.02 ವಿದ್ಯುತ್ ಯೋಜನೆಗೆ, 1.5 ಮಹದಾಯಿ ಕಣಿವೆಯೊಳಗಿನ ಬಳಕೆಗೆ. ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9. ಕೇಂದ್ರ ಸರ್ಕಾರ ತೀರ್ಪನ್ನ 2020ರ ಫೆಬ್ರವರಿಯಲ್ಲಿ ಗೆಜೆಟ್‌ನಲ್ಲಿ ಪ್ರಕಟಿಸಿತು. ಪರಿಷ್ಕರಿಸಿದ ಯೋಜನಾ ವರದಿಗೆ 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಒಪ್ಪಿಗೆ ಕೊಟ್ಟಿತು. ಆದರೂ ಅರಣ್ಯ, ವನ್ಯಜೀವಿ ಅನುಮತಿ ಮತ್ತು ಸುಪ್ರೀಂ ಕೋರ್ಟಿನ ದಾರಿ ಉದ್ದ ಇದೆ.

ಕಣಕುಂಬಿಯ ಪಕ್ಕ ಹಿಂದೆ ಅಗೆದ ಆಳದ ಕಾಲುವೆ ಕಾಕಾ ತೋರಿಸಿದರು. ಅಂಚಿಗೆ ನಿಂತು ಬಗ್ಗಿ ನೋಡಿದರೆ ನಾನು ಹೇಳಿದ ನೆಲದ ಪದರ ಕಾಣುತ್ತದೆ, ಮೇಲೆ ಕೆಂಪು ಕಲ್ಲು, ಕೆಳಗೆ ಜೇಡಿ. ಊರಿನವರ ಭಯವೂ ಅಲ್ಲೇ ಇದೆ. ಅಷ್ಟು ಆಳಕ್ಕೆ ಅಗೆದರೆ ಒರತೆಗಳಿಗೆ ಹೋಗಬೇಕಾದ ನೀರು ಕಾಲುವೆಗೆ ಸೋರುವುದಿಲ್ಲವೇ, ನಮ್ಮ ಬಾವಿ ಗತಿ ಏನು ಅಂತ ಕೇಳುತ್ತಾರೆ. ನಾನು ಕೆಳಗಿನ ದಂಡೆಯವನು, ನನಗೆ ಮಲಪ್ರಭೆ ತುಂಬಿ ಹರಿಯಬೇಕು. ನರಗುಂದದ ರೈತನ ಕಷ್ಟ ನನಗೆ ಪರಕೀಯ ಅಲ್ಲ. ಆದರೆ ಆ ಅಂಚಿನಲ್ಲಿ ನಿಂತಾಗ ಅವರ ಪ್ರಶ್ನೆಗೆ ನಾವು ಕೆಳಗಿನವರು ಯಾರೂ ಸರಿಯಾಗಿ ಕಿವಿಗೊಟ್ಟಿಲ್ಲ ಅನ್ನಿಸಿತು. ಪೈಪು, ಕಾಲುವೆ, ಜಾಕ್‌ವೆಲ್ (ನೀರೆತ್ತುವ ಬಾವಿ) ಏನೇ ಮಾಡಲಿ, ಮೊದಲ ಲೆಕ್ಕ ಈ ಊರುಗಳ ಒರತೆಯದ್ದಾಗಬೇಕು. ಅಲ್ಲಿನ ಕಾಡು ತೆಳುವಾದರೆ ತಿರುಗಿಸಿದ ನೀರೂ ಕಡಿಮೆ, ತಾನಾಗಿ ಬರುತ್ತಿದ್ದ ನೀರೂ ಕಡಿಮೆ.

ಹಬ್ಬನಹಟ್ಟಿ ಅಂತ ಜಾಂಬೋಟಿ ಹತ್ತಿರ ಹೊಳೆಯೊಳಗೇ ಒಂದು ಮಾರುತಿ ಗುಡಿ ಇದೆ. ಮೇಲೆ ಮಳೆ ಹಿಡಿದರೆ ಆ ಗುಡಿ ಮುಳುಗುತ್ತದೆ, ಪ್ರತಿ ವರ್ಷ ಪೇಪರಿನಲ್ಲಿ ಫೋಟೋ ಬರುತ್ತದೆ. ನನಗೆ ಈಗ ಫೋಟೋ ಕಾಯುವ ಅಗತ್ಯ ಇಲ್ಲ. ಆಯಿ ಹೋಗಿ ವರ್ಷಗಳಾದವು, ಜೂನ್ ಬಂತು ಅಂದರೆ ನಾನು ಕಾಕಾಗೆ ಫೋನ್ ಹಚ್ಚುತ್ತೇನೆ. ಒಂದೊಂದು ಸಲ ರೇಂಜ್ ಸಿಗುವುದಿಲ್ಲ, ಮರುದಿನ ಅವರೇ ಮಾಡುತ್ತಾರೆ. ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಅವರ ಮಾತು ಅರ್ಧ ಕೇಳಿಸುತ್ತದೆ. "ಮೂರ ದಿನ ಆತು, ಬಿಟ್ಟಿಲ್ಲ" ಅಂದರೆ ಸಾಕು. ಅವತ್ತೇ ಸಂಜೆ ನಾವು ಅಣ್ಣತಮ್ಮಂದಿರು ಹೊಳೆದಂಡೆಗೆ ಹೋಗಿ ಪಂಪ್‌ಸೆಟ್ ಬಿಚ್ಚಿ ಮೇಲೆ ತಂದಿಡುತ್ತೇವೆ.